ಮುಸ್ತಫಾ ಇದ್ದ ಗಲ್ಲಿ

ಆತ್ಮೀಯ ಓದುಗರೇ,

ರಜೆಗೆ ಊರಿಗೆ ಹೋಗಿದ್ದ, ಇಂಗ್ಲೆಂಡಿನ ನಮ್ಮ ಕನ್ನಡ ಸಂಘದ ಸದಸ್ಯರೊಬ್ಬರು ಬೆಳಗಾವಿಯಿಂದ ಒಂದು ಫೋಟೋ ಕಳಿಸಿದ್ದಾರೆ. ಖಡೇಬಜಾರದಿಂದ ಒಳಗೆ ಹೋಗುವ ಗಲ್ಲಿಯಲ್ಲಿರುವ ಮೊಬೈಲ್ ಕವರ್ ಅಂಗಡಿ, ಅಷ್ಟೇ. ಬೇರೆಯವರಿಗೆ ಅದರಲ್ಲಿ ಏನೂ ವಿಶೇಷ ಕಾಣಿಸದು. ಆದರೆ 1990ರ ದಶಕದಲ್ಲಿ ಆ ಊರಲ್ಲಿ ಬೆಳೆದ ನಮಗೆ ಆ ಮೆಟ್ಟಿಲು ನೋಡಿದರೆ ಸಾಕು, ಗುರುತು ಸಿಕ್ಕಿಬಿಡುತ್ತದೆ. ಅಲ್ಲಿ ನಮ್ಮ ವಿಡಿಯೋ ಗೇಮ್ ಪಾರ್ಲರ್ ಇತ್ತು. ಮುಚ್ಚಿ ಎಷ್ಟೋ ವರ್ಷವಾಯಿತು. ಈ ಸಂಚಿಕೆಯ ಪುಟವನ್ನು ನಾನು ಅದಕ್ಕೇ ಕೊಡುತ್ತಿದ್ದೇನೆ.

ಬೆಳಗಾವಿಯ ಮಳೆ ಕಂಡವರಿಗೆ ಆ ಪಾರ್ಲರ್ ನಮಗೆ ಯಾಕೆ ಅಷ್ಟು ಬೇಕಾಗಿತ್ತು ಅನ್ನೋದು ಬೇಗ ಅರ್ಥವಾಗುತ್ತದೆ. ಸಹ್ಯಾದ್ರಿಯ ಮಗ್ಗುಲಿಗೇ ಇರುವ ಊರು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಲೇಲೆ ಮೈದಾನ, ವ್ಯಾಕ್ಸಿನ್ ಡಿಪೋ ಮೈದಾನ ಎಲ್ಲ ಕೆಸರು. ಕ್ರಿಕೆಟ್ ಬ್ಯಾಟು ಅಟ್ಟ ಸೇರುತ್ತಿತ್ತು. ಶಾಲೆ ಬಿಟ್ಟ ಹುಡುಗರು ಹೋಗುವುದಾದರೂ ಎಲ್ಲಿಗೆ? ಪಾರ್ಲರ್ ಬಾಗಿಲಲ್ಲಿ ಒದ್ದೆ ಕೊಡೆಗಳ ಸಾಲು. ಒಳಗೆ ಕಾಲಿಟ್ಟರೆ ಒದ್ದೆ ದಪ್ತರದ ವಾಸನೆ, ಕಾದ ಯಂತ್ರಗಳ ವಾಸನೆ, ಹೊರಗಿನಿಂದ ತೇಲಿ ಬರುವ ಮಿರ್ಚಿ ಭಜಿಯ ವಾಸನೆ. ಒಂದು ರೂಪಾಯಿಗೆ ಒಂದು ಕಾಯಿನ್. ನಾಗಪಂಚಮಿಗೆ ಅಜ್ಜಿ ಕೊಟ್ಟ ಹಣ ಎಲ್ಲಿ ಖರ್ಚಾಗುತ್ತಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಅಂಗಡಿಯವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದೆವು. ತಗಡಿನ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲ ಹತ್ತಿರವೇ ಕೂರುತ್ತಿದ್ದರು. ಕಾಯಿನ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕೀಲಿಕೈ ತಂದು ಯಂತ್ರದ ಮುಂದಿನ ಪುಟ್ಟ ಬಾಗಿಲು ತೆಗೆಯುತ್ತಿದ್ದರು. ಒಳಗೆ ಕೈ ಹಾಕಿ ಒಂದು ಚಿಕ್ಕ ಸ್ವಿಚ್ಚನ್ನು ಬೆರಳಿನಿಂದ ಟಕ್ ಅನ್ನಿಸುತ್ತಿದ್ದರು. ಪರದೆ ಮೇಲೆ ಒಂದು ಆಟ ಜಮಾ! ಅದನ್ನು ನೋಡಲು ನಾವೆಲ್ಲ ಬಗ್ಗಿ ನಿಲ್ಲುತ್ತಿದ್ದೆವು. ಕಾಯಿನ್ ಬೀಳುವಾಗ ಒತ್ತಿಕೊಳ್ಳುವುದೂ ಅದೇ ಸ್ವಿಚ್ಚು ಅಂತ ನನಗೆ ಗೊತ್ತಾಗಿದ್ದು ಹಾಗೆ. ಕರೆಂಟ್ ಹೋದರೂ ಅವರು ಮೋಸ ಮಾಡುತ್ತಿರಲಿಲ್ಲ. "ಯಾರ್‌ ಯಾರ್ದು ಆಟ ನಡದಿತ್ತು, ಕೈ ಎತ್ರಿ" ಅಂತ ಕೇಳಿ, ಕರೆಂಟ್ ಬಂದ ಮೇಲೆ ಅಷ್ಟೂ ಹುಡುಗರಿಗೆ ಮತ್ತೊಂದು ಕಾಯಿನ್ ಕೊಡುತ್ತಿದ್ದರು.

ಯಂತ್ರದ ಪೆಟ್ಟಿಗೆಯ ಮೇಲೆ ಒಂದು ಆಟದ ಚಿತ್ರ ಇರುತ್ತಿತ್ತು, ಒಳಗೆ ಇನ್ನೊಂದೇ ಆಟ. ಅದು ಯಾಕೆ ಅಂತ ತಿಳಿದದ್ದು ದೊಡ್ಡವನಾದ ಮೇಲೆ. 1985ರಲ್ಲಿ ಜಪಾನಿನ ಆಟದ ಕಂಪನಿಗಳು ಸೇರಿ ಜಾಮ್ಮಾ ಅನ್ನುವ ಒಂದೇ ಬಗೆಯ ವೈರಿಂಗ್ ತಂದವು. ಆಮೇಲೆ ಪೆಟ್ಟಿಗೆ, ಟಿವಿ, ಜಾಯ್‌ಸ್ಟಿಕ್ ಎಲ್ಲ ಹಾಗೇ ಇಟ್ಟು ಬೋರ್ಡ್ ಒಂದನ್ನೇ ಬದಲಾಯಿಸಿದರೆ ಹೊಸ ಆಟ ಸಿದ್ಧ. ಸಣ್ಣ ಊರಿನ ಸಣ್ಣ ಅಂಗಡಿಗೂ ಜಪಾನಿನ ಆಟ ಬರೋದಕ್ಕೆ ಇದೂ ಒಂದು ಕಾರಣ.

ಹಾಗೆ ಬಂದ ಆಟಗಳಲ್ಲಿ ನಮ್ಮ ದೇವರು ಮುಸ್ತಫಾ. ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಅದರಲ್ಲಿ ಆಡಲು ಸಿಗುವ ನಾಲ್ಕು ಜನರಲ್ಲಿ ಮುಸ್ತಫಾ ಒಬ್ಬ. ಟೋಪಿ ಹಾಕಿಕೊಂಡು, ಓಡಿ ಬಂದು, ಹಾರಿ ಒದೆಯುವವನು. ನಮಗೆ ಅವನು ಎಷ್ಟು ಹಿಡಿಸಿದ ಅಂದರೆ ಇಡೀ ಆಟಕ್ಕೇ ಅವನ ಹೆಸರು ಬಂತು. ಬೆಳಗಾವಿಯಲ್ಲಷ್ಟೇ ಅಲ್ಲ, ಇಡೀ ದೇಶದ ಹುಡುಗರು ಅದನ್ನು ಮುಸ್ತಫಾ ಗೇಮ್ ಅಂತಲೇ ಕರೆದರು. ಒಂದೇ ಯಂತ್ರದಲ್ಲಿ ಮೂವರು ಒಟ್ಟಿಗೆ ಆಡಬಹುದಿತ್ತು. ಭುಜಕ್ಕೆ ಭುಜ ತಾಗಿಸಿ ನಿಂತರೆ ಮಾತ್ರ ಮೂವರಿಗೂ ಜಾಗ ಸಾಲುತ್ತಿತ್ತು.

ನಾನು ಇವತ್ತು ಹೇಳಬೇಕು ಅಂದುಕೊಂಡದ್ದು ಆಡುವವರ ಬಗ್ಗೆ ಅಲ್ಲ. ಹಿಂದೆ ನಿಂತವರ ಬಗ್ಗೆ.

ಒಬ್ಬ ಆಡುತ್ತಿದ್ದರೆ ಹಿಂದೆ ಒಂದು ಗುಂಪೇ ನಿಂತಿರುತ್ತಿತ್ತು. ಕಿಸೆಯಲ್ಲಿ ಕಾಸಿಲ್ಲದವರಿಗೂ ಅಲ್ಲಿ ಜಾಗ ಇತ್ತು. ಶಹಾಪುರ, ಅನಗೋಳ, ವಡಗಾವಿ, ಕ್ಯಾಂಪ್, ಎಲ್ಲ ಕಡೆಯ ಹುಡುಗರು. ಗುಂಡಿ ದಾಟುವ ಹೊತ್ತಿಗೆ ಒಬ್ಬ "ಜಿಗಿಯಲೇ!" ಅಂದರೆ ಇನ್ನೊಬ್ಬ ಮರಾಠಿಯಲ್ಲಿ "ಉಡಿ ಮಾರ್!" ಅನ್ನುತ್ತಿದ್ದ, ಮತ್ತೊಬ್ಬ ಹಿಂದಿಯಲ್ಲಿ "ಕೂದ್ ರೇ ಕೂದ್!" ಅನ್ನುತ್ತಿದ್ದ. ಆಡುವವನು ಮೂರಕ್ಕೂ ಜಿಗಿಯುತ್ತಿದ್ದ. ನಮ್ಮ ಊರಲ್ಲಿ ಭಾಷೆಯ ಹೆಸರಲ್ಲಿ ಅಂಗಡಿ ಬಾಗಿಲು ಎಳೆದ ದಿನಗಳು, ಬಸ್ಸು ನಿಂತ ದಿನಗಳು ನಿಮಗೂ ನೆನಪಿವೆ. ಮಾರನೆಯ ದಿನ ಪಾರ್ಲರ್ ತೆರೆದಾಗ ಅದೇ ಹುಡುಗರು ಅದೇ ಯಂತ್ರದ ಹಿಂದೆ ನಿಂತಿರುತ್ತಿದ್ದರು. ನಾನು ಮರಾಠಿ ಕಲಿತದ್ದು ಅಲ್ಲೇ. ನನ್ನ ಜೊತೆ ನಿಂತ ಎಷ್ಟೋ ಹುಡುಗರು ಒಂದಿಷ್ಟು ಕನ್ನಡ ಕಲಿತದ್ದೂ ಅಲ್ಲೇ. ಯಾರೂ ಕಲಿಸಲಿಲ್ಲ, ಸುಮ್ನೆ ಬಂತು.

ಆಟವನ್ನೂ ನೋಡಿ ನೋಡಿಯೇ ಕಲಿಯುತ್ತಿದ್ದೆವು. ಮೂಲೆಯಲ್ಲಿ ಒಂದು ಹಳೆಯ ಪ್ಯಾಕ್‌ಮ್ಯಾನ್ ಇತ್ತು, ಭೂತಗಳಿಂದ ತಪ್ಪಿಸಿಕೊಂಡು ಚುಕ್ಕೆ ತಿನ್ನುತ್ತ ಹೋಗುವ 1980ರ ಆಟ. ವಡಗಾವಿಯ ನೇಕಾರರ ಮನೆಯ ಒಬ್ಬ ಹುಡುಗ ಒಂದೇ ಕಾಯಿನ್‌ನಲ್ಲಿ ನಮ್ಮೆಲ್ಲರ ಆಟ ಮುಗಿಯುವವರೆಗೂ ಅದರ ಮುಂದೆ ನಿಂತಿರುತ್ತಿದ್ದ. ಕೆಂಪು ಭೂತ ನೇರ ಬೆನ್ನು ಹತ್ತುತ್ತದೆ, ಗುಲಾಬಿ ಭೂತ ನಾವು ಹೋಗುವ ದಾರಿಯ ಮುಂದೆ ಬಂದು ಅಡ್ಡ ಹಾಕುತ್ತದೆ ಅಂತ ನಮಗೆ ತೋರಿಸಿಕೊಟ್ಟವನು ಅವನೇ. ಆಟ ಮಾಡಿದ ತೋರು ಇವಾತಾನಿ ಒಂದೊಂದು ಭೂತಕ್ಕೂ ಬೇರೆ ಬೇರೆ ಸ್ವಭಾವ ಇಟ್ಟಿದ್ದರು ಅಂತ ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಅದರಲ್ಲಿ ಒಂದು ಗುಟ್ಟು ಇದೆ: ನೀವು ಪ್ರತಿ ಸಲ ಅದೇ ಹೊತ್ತಿಗೆ ಅದೇ ದಾರಿ ಹಿಡಿದರೆ ಭೂತಗಳೂ ಅದೇ ದಾರಿ ಹಿಡಿಯುತ್ತವೆ. ಆ ಹುಡುಗ ದಾರಿಯನ್ನು ಬಾಯಿಪಾಠ ಮಾಡಿದ್ದ. ಪುಸ್ತಕ ಇಲ್ಲ, ಹೇಳಿಕೊಡುವವರಿಲ್ಲ. ಬರೀ ನಿಂತು ನೋಡಿ ಕಲಿತ. ಅವನಂಥ ಬುದ್ಧಿವಂತರನ್ನು ನಾನು ಆಮೇಲೆ ದೊಡ್ಡ ದೊಡ್ಡ ಆಫೀಸುಗಳಲ್ಲೂ ಜಾಸ್ತಿ ಕಂಡಿಲ್ಲ.

ಹೆಚ್ಚು ಅಂಕ ತೆಗೆದವರು ಹೆಸರು ಬರೆಯಬಹುದಿತ್ತು. ಆದರೆ ಮೂರೇ ಇಂಗ್ಲಿಷ್ ಅಕ್ಷರ. ಮಹೇಶ, ಮಹಾಂತೇಶ, ಮಹಾದೇವ ಮೂವರೂ ಎಂ-ಎ-ಎಚ್! ಮೇಲಿನ ಎಂ-ಎ-ಎಚ್ ಯಾರದು ಅನ್ನುವ ಜಗಳ ಬಸ್ ಸ್ಟಾಪಿನವರೆಗೂ ನಡೆಯುತ್ತಿತ್ತು. ರಾತ್ರಿ ಕಾಕಾ ಮೇನ್ ಸ್ವಿಚ್ ಆರಿಸಿದರೆ ಹೆಸರುಗಳೆಲ್ಲ ಅಳಿಸಿಹೋಗುತ್ತಿದ್ದವು. ಮಾರನೆ ದಿನ ಮತ್ತೆ ಮೊದಲಿಂದ.

ಒಂದು ವಿಷಯ ಮಾತ್ರ ನನಗೆ ಈಗಲೂ ಬೇಸರ ತರುತ್ತದೆ. ಅಲ್ಲಿ ಹುಡುಗಿಯರು ಇರುತ್ತಿರಲಿಲ್ಲ. ನಮ್ಮ ಅಕ್ಕ ಕರೆಯಲು ಬಂದರೂ ಮೆಟ್ಟಿಲ ಕೆಳಗೆ, ಮಳೆಯಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದಳು. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ. ಆ ಖುಷಿಯಲ್ಲಿ ಅವಳಿಗೂ ಪಾಲು ಸಿಗಬೇಕಿತ್ತು.

ಮುಚ್ಚಿದ ಕಥೆ ಎಲ್ಲ ಊರಿನದೂ ಒಂದೇ. ಟಿವಿಗೆ ಸಿಕ್ಕಿಸುವ ಅಗ್ಗದ ಗೇಮ್ ಮನೆಗೆ ಬಂತು, ಸೈಬರ್ ಕೆಫೆ ಬಂತು, ಕಂಪ್ಯೂಟರ್ ಬಂತು, ಕೊನೆಗೆ ಫೋನ್. ಯಂತ್ರಗಳು ಒಂದೊಂದಾಗಿ ಕೆಟ್ಟವು, ರಿಪೇರಿಗೆ ಹಾಕುವಷ್ಟು ದುಡ್ಡು ಹುಟ್ಟಲಿಲ್ಲ.

ಇಲ್ಲಿ ಇಂಗ್ಲೆಂಡಿನಲ್ಲಿ ಸಮುದ್ರದ ದಂಡೆಯ ಊರುಗಳಲ್ಲಿ ಆಟದ ಯಂತ್ರಗಳು ಇನ್ನೂ ಉಳಿದಿವೆ. 1899ರಲ್ಲಿ ತೆರೆದ ಬ್ರೈಟನ್ನಿನ ಪ್ಯಾಲೇಸ್ ಪಿಯರ್‌ಗೆ ನಿಮ್ಮಲ್ಲಿ ಬಹಳ ಜನ ಹೋಗಿದ್ದೀರಿ. ನಾನೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಎರಡು ಪೆನ್ನಿ ನಾಣ್ಯ ಹಾಕಿ ಆಡುವ ಯಂತ್ರ, ಕಾರ್ ರೇಸು, ಗಲಾಟೆ, ಎಲ್ಲ ಇದೆ. ಆದರೆ ಒಂದೊಂದು ಕುಟುಂಬವೂ ಬಂದು ಆಡಿ ಮುಂದೆ ಹೋಗುತ್ತದೆ. ಗುರುತಿಲ್ಲದವನ ಹಿಂದೆ ನಿಂತು "ಜಿಗಿಯಲೇ" ಅನ್ನುವವರು ಕಾಣಲಿಲ್ಲ. ಮನೆಯಲ್ಲಿ ನಮ್ಮ ಮಕ್ಕಳು ಹೆಡ್‌ಸೆಟ್ ಹಾಕಿಕೊಂಡು ಎಲ್ಲೋ ಇರುವ ಗೆಳೆಯರ ಜೊತೆ ಆಡುತ್ತಾರೆ. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಆ ಗೆಳೆತನವೂ ನಿಜವೇ. ಆದರೆ ಸಂಘದ ಕಾರ್ಯಕ್ರಮದಲ್ಲಿ ನೋಡಿ, ಭಾಷಣ ಶುರುವಾದ ಕೂಡಲೇ ಅದೇ ಮಕ್ಕಳು ಒಂದೊಂದು ಮೂಲೆ ಹಿಡಿದು ಒಂದೊಂದು ಫೋನ್ ಹಿಡಿಯುತ್ತಾರೆ, ಅಲ್ವಾ? ಪಕ್ಕದ ಕುರ್ಚಿಯ ಮಗುವಿನ ಹೆಸರೂ ಅವರಿಗೆ ಗೊತ್ತಿರುವುದಿಲ್ಲ.

ಅದಕ್ಕೇ ಈ ಸಲದ ರಾಜ್ಯೋತ್ಸವಕ್ಕೆ ಒಂದು ಕೋರಿಕೆಯನ್ನು ಕಾರ್ಯಕಾರಿ ಸಮಿತಿಯ ಮುಂದೆ ಇಡುತ್ತಿದ್ದೇನೆ. ಊಟದ ಹಾಲ್ ಪಕ್ಕದ ಕೋಣೆಯಲ್ಲಿ ಒಂದೇ ಒಂದು ದೊಡ್ಡ ಪರದೆ, ಎರಡು ಕಂಟ್ರೋಲರ್. ಒಂದೇ ಸಾಕು, ದಯವಿಟ್ಟು ಎರಡನೆಯದು ಬೇಡ. ಸೋತವರು ಸಾಲಿನ ಕೊನೆಗೆ. ಹುಡುಗ ಹುಡುಗಿ ಅಂತ ಬೇರೆ ಸಾಲು ಇಲ್ಲ, ಅಪ್ಪ ಅಮ್ಮಂದಿರಿಗೂ ಅದೇ ಸಾಲು. ಹಿಂದೆ ನಿಂತು ಕೂಗುವವರು ಕನ್ನಡದಲ್ಲಿ ಕೂಗಬೇಕು, ಮಂಗಳೂರಿನದೋ ಮೈಸೂರಿನದೋ ಬೆಳಗಾವಿಯದೋ, ಯಾವ ಕನ್ನಡವಾದರೂ ಸರಿ. ಹಳೆಯ ಗೇಮ್ ಕನ್ಸೋಲ್ ಮನೆಯಲ್ಲಿ ಇರುವವರು, ಪರದೆ ಮತ್ತು ವೈರು ಹೊತ್ತು ತರಬಲ್ಲವರು ಈ ತಿಂಗಳೊಳಗೆ ಸಮಿತಿಗೆ ಹೆಸರು ಕೊಡಿ. ತಗಡಿನ ಡಬ್ಬಿ ನಾನು ತರುತ್ತೇನೆ.

– ಸಂಪಾದಕ