ಹರಳು ಉಳಿಸಿಕೊಟ್ಟ ಸರ್‌ಗೆ

ಪುಣೆಯ ಆ ಎಕ್ಸ್‌ರೇ ಲ್ಯಾಬಿನ ಸರ್, ನಿಮ್ಮ ಹೆಸರು ಕೇಳೋದೇ ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೂರು ತಿಂಗಳು ಕಾದು ಬೆಳೆಸಿದ ತಾಮ್ರದ ನೀಲಿ ಹರಳುಗಳು. ಒಳಗೆ ಅಣುಗಳು ಹೇಗೆ ಜೋಡಣೆಯಾಗಿವೆ ಅಂತ ನಿಮ್ಮ ಎಕ್ಸ್‌ರೇಯಲ್ಲಿ ನೋಡಿಸಲು ಜೋರು ಮಳೆಯಲ್ಲಿ ಆಟೋ ಹಿಡಿದು ತಂದಿದ್ದೆ. ಅದೂ ಹೇಗೆ? ದ್ರಾವಣ ಬಸಿದು, ಚೆನ್ನಾಗಿ ಒಣಗಿಸಿ! ನೀವು ಮೈಕ್ರೋಸ್ಕೋಪಿನಲ್ಲಿ ನೋಡಿ ತಲೆ ಅಲ್ಲಾಡಿಸಿದಿರಿ. ಒಳಗಿದ್ದ ದ್ರಾವಕ ಆರಿಹೋಗಿ ಹರಳೆಲ್ಲ ಬಿರುಕು ಬಿಟ್ಟಿದ್ದವು. ನನ್ನ ಗೊಣಗಾಟ ಕೇಳಿ, "ಧಾರವಾಡದ ಕಡೆಯವರಾ?" ಅಂದಿರಿ, ಕನ್ನಡದಲ್ಲೇ. ಅರ್ಧ ಚಿಂತೆ ಅಲ್ಲೇ ಇಳಿಯಿತು.

ಪುಣ್ಯಕ್ಕೆ ಬ್ಯಾಗಿನಲ್ಲಿ ಇನ್ನೊಂದು ಸೀಸೆ ಇತ್ತು, ದ್ರಾವಣದ ಸಮೇತ. ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಸೋಸುಗಾಜು) ಕೆಳಗೆ ಒಂದೊಂದೇ ಹರಳು ತಿರುಗಿಸಿದಿರಿ. ಇಡೀ ಹರಳು ಒಟ್ಟಿಗೇ ಕಪ್ಪಾಗಬೇಕು, ಅರ್ಧ ಕಪ್ಪು ಅರ್ಧ ಬೆಳಕು ಕಂಡರೆ ಅದು ಎರಡು ಹರಳು ಅಂಟಿಕೊಂಡು ಬೆಳೆದ ಜೋಡಿ ಹರಳು, ಬೇಡ ಅಂದಿರಿ. ಇದನ್ನು ಯಾರೂ ನನಗೆ ಹೀಗೆ ತೋರಿಸಿರಲಿಲ್ಲ. ಕೊನೆಗೆ ಸಿಕ್ಕಿದ್ದು 0.2 ಮಿಲಿಮೀಟರಿನದು, ಸಾಸಿವೆಗಿಂತ ಎಷ್ಟೋ ಸಣ್ಣದು. ಎಣ್ಣೆಯಲ್ಲಿ ಅದ್ದಿ, ಪುಟ್ಟ ಕುಣಿಕೆಯಲ್ಲಿ ಎತ್ತಿ, ಮೈನಸ್ 173 ಡಿಗ್ರಿಯ ನೈಟ್ರೋಜನ್ ಗಾಳಿಗೆ ಹಿಡಿದಿರಿ. ಎಣ್ಣೆ ಗಾಜಿನಂತೆ ಗಟ್ಟಿಯಾಯಿತು. ಹರಳು ಒಡೆಯಲಿಲ್ಲ.

ಹರಳಿಗೆ ತಾಗಿ ಚದುರಿದ ಎಕ್ಸ್‌ರೇಯ ಚುಕ್ಕಿಗಳು ಪರದೆಯ ಮೇಲೆ ಮೂಡಿದಾಗ, ಚುಕ್ಕಿ ಇಟ್ಟು ರಂಗೋಲಿ ಗೆರೆ ಎಳೆಯೋ ಮೊದಲಿನ ಅಂಗಳ ನೆನಪಾಯಿತು. ಅಷ್ಟರಲ್ಲಿ ನನ್ನ ಸರದಿ ಮುಗಿದಿತ್ತು. ಮುಂದಿನವರಿಗೆ ನೀವೇ ಫೋನ್ ಮಾಡಿ ಒಪ್ಪಿಸಿದಿರಿ, ಯಂತ್ರ ರಾತ್ರಿಯಿಡೀ ನನಗಾಗಿ ಓಡಿತು. ಚಹಾದ ದುಡ್ಡನ್ನೂ ಕೊಡಲು ಬಿಡಲಿಲ್ಲ.

ಸರ್, ರಚನೆ ಸಿಕ್ಕಿದೆ. ನಾನು ಅಂದುಕೊಂಡಿರದ ಒಂದು ನೀರಿನ ಅಣು ತಾಮ್ರಕ್ಕೆ ಅಂಟಿಕೊಂಡಿದೆ. ಬಂದು ತೋರಿಸುತ್ತೇನೆ, ಹೆಸರೂ ಕೇಳುತ್ತೇನೆ. ತುಂಬಾ ಥ್ಯಾಂಕ್ಸ್.