ಭಾನುವಾರದ ಓದಿಗೆ ಬರುವ ಮುಂಚೆ

ಎಲ್ಲರಿಗೂ ನಮಸ್ಕಾರ. ಐರಿಷ್ ಲೇಖಕ ಜೊನಾಥನ್ ಸ್ವಿಫ್ಟ್ 1729ರಲ್ಲಿ ಬರೆದ ವ್ಯಂಗ್ಯ ಪ್ರಬಂಧ ‘ಎ ಮಾಡೆಸ್ಟ್ ಪ್ರಪೋಸಲ್’ ಓದಿ, ಸ್ವಿಫ್ಟ್ ಇಂಥ ಕ್ರೂರ ಮಾತು ಹೇಳುವುದೇ ಎಂದು ಕೆಲವರು ಬೇಸರದಿಂದ ಮೆಸೇಜ್ ಮಾಡಿದ್ದೀರಿ. ಐರ್ಲೆಂಡಿನ ಬಡವರ ಕೂಸುಗಳನ್ನು ಉಳ್ಳವರ ಊಟಕ್ಕೆ ಮಾರಿ ಎನ್ನುವವನು ಸ್ವಿಫ್ಟ್ ಅಲ್ಲ, ಅವರು ಸೃಷ್ಟಿಸಿದ ಲೆಕ್ಕಾಚಾರದ ಮನುಷ್ಯ. ಅವನ ದನಿ ಎಷ್ಟು ತಣ್ಣಗಿದೆ ನೋಡಿ: ವರ್ಷಕ್ಕೆ 1,20,000 ಮಕ್ಕಳು, ತಳಿಗೆಂದು 20,000 ಉಳಿಸಿ, ಮಿಕ್ಕಿದ್ದು ಮಾರಾಟಕ್ಕೆ. ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಜಮೀನ್ದಾರರು ಅಪ್ಪ-ಅಮ್ಮಂದಿರನ್ನು ಆಗಲೇ ತಿಂದಾಗಿದೆ, ಮಕ್ಕಳ ಮೇಲೂ ಅವರಿಗೇ ಹಕ್ಕು ಎನ್ನುವ ಮಾತಲ್ಲಿ ಸ್ವಿಫ್ಟ್ ಸಿಟ್ಟು ಕಾಣುತ್ತದೆ. ಕೊನೆಯ ಭಾಗ ಬಿಡಬೇಡಿ. ‘ಬೇರೆ ಉಪಾಯ ಹೇಳಬೇಡಿ’ ಎಂದು ಅವನು ತಳ್ಳಿಹಾಕುವ ಪಟ್ಟಿಯಲ್ಲೇ ಸ್ವಿಫ್ಟ್ ನಿಜವಾಗಿ ಕೇಳಿದ್ದಿದೆ: ದೇಶ ಬಿಟ್ಟು ಕೂತ ಒಡೆಯರಿಗೆ ತೆರಿಗೆ, ಸ್ವದೇಶಿ ವಸ್ತುಗಳ ಬಳಕೆ, ಗೇಣಿದಾರರ ಮೇಲೆ ಒಂದಿಷ್ಟು ಕರುಣೆ. ಆ ಪ್ಯಾರಾ ಎರಡು ಸಲ ಓದಿಕೊಂಡು ಬನ್ನಿ.