ಎಲ್ಲರಿಗೂ ಒಂದೇ ಧ್ಯಾನ ಯಾಕೆ?

ಪ್ರೀತಿಯ ರಾಘು,

ನಿನ್ನ ಪತ್ರ ಓದಿದೆ. ಬೆಳಗ್ಗೆ ಕ್ಲಾಸಿಗೆ ಮುಂಚೆ ಪಿಯುಸಿ ಮಕ್ಕಳಿಗೆ ಧ್ಯಾನ ಮಾಡಿಸೋಕೆ ಶುರು ಮಾಡಿದ್ದು ಕೇಳಿ ತುಂಬಾ ಖುಷಿಯಾಯಿತು. ಆದರೆ ಅರ್ಧಕ್ಕರ್ಧ ಮಕ್ಕಳು ಬಿಟ್ಟುಬಿಟ್ಟರು, ಈಗಿನವರಿಗೆ ಶ್ರದ್ಧೆಯೇ ಇಲ್ಲ ಅಂತ ಬರೆದಿದ್ದೀಯಲ್ಲ, ಆ ಮಾತು ನಾನು ಒಪ್ಪುವುದಿಲ್ಲ. ಬಿಟ್ಟವರೆಲ್ಲ ಒಂದೇ ಕಾರಣಕ್ಕೆ ಬಿಟ್ಟಿರುವುದಿಲ್ಲ ಕಣೋ. ಒಬ್ಬೊಬ್ಬರ ಸ್ವಭಾವ ಒಂದೊಂದು ಕಡೆ ಅಡ್ಡ ಬರುತ್ತದೆ.

ಪರೀಕ್ಷೆ ಅಂದರೆ ಕೈ ನಡುಗುವ ಆ ಹುಡುಗಿಯನ್ನೇ ತಗೋ. ಧ್ಯಾನ ಎಲ್ಲರಿಗಿಂತ ಅವಳಿಗೇ ಬೇಕಿತ್ತು, ಅವಳೇ ಮೊದಲು ಎದ್ದು ಹೋದಳು ಅಂತ ಬೇಜಾರು ಮಾಡಿಕೊಂಡಿದ್ದೀಯ. ಆತಂಕದ ಸ್ವಭಾವದವರಿಗೆ ಶುರು ಮಾಡುವುದೇ ಕಷ್ಟ. ಕಣ್ಣು ಮುಚ್ಚಿದ ತಕ್ಷಣ ಹೊರಗಿನ ಸದ್ದು ಕಡಿಮೆಯಾಗಿ ಒಳಗಿನ ಚಿಂತೆ ಜೋರಾಗುತ್ತದೆ. ಉಸಿರನ್ನು ಗಮನಿಸು ಅಂದರೆ ಎದೆ ಬಡಿತವೂ ಕೇಳಿಸಿ, ಉಸಿರು ಕಟ್ಟಿದ ಹಾಗೆ ಅನಿಸುತ್ತದೆ. ಅಂಥವರನ್ನು ಸುಮ್ನೆ ಕೂರು ಅಂತ ಒತ್ತಾಯ ಮಾಡಬಾರದು. ಕಣ್ಣು ತೆರೆದೇ ಇರಲಿ. ಕಾರಿಡಾರಿನಲ್ಲಿ ನಿಧಾನವಾಗಿ ನಡೆಯುತ್ತಾ, ಪಾದ ನೆಲಕ್ಕೆ ತಾಗುವುದನ್ನು ಗಮನಿಸಲಿ. ಎರಡು ನಿಮಿಷ ಆದರೂ ಸಾಕು.

ನಿನ್ನ ಕ್ಲಾಸಿನ ಅಚ್ಚುಕಟ್ಟಿನ ಹುಡುಗರ ಕಥೆ ಬೇರೆ. ಅವರಿಗೆ ಶುರು ಮಾಡುವುದು ಸುಲಭ, ಮುಂದುವರಿಸುವುದು ಕಷ್ಟ. ಧ್ಯಾನಕ್ಕೂ ತಮಗೆ ತಾವೇ ಮಾರ್ಕ್ಸ್ ಹಾಕಿಕೊಳ್ಳುತ್ತಾರೆ. ಮನಸ್ಸು ಅಲೆದಾಡಿದರೆ ಫೇಲಾದೆ ಅಂದುಕೊಳ್ಳುತ್ತಾರೆ. ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟಿತು ಅಂತ ಪೂರ್ತಿ ಕೈಬಿಡುತ್ತಾರೆ. ಮನಸ್ಸು ಎಲ್ಲೋ ಹೋಯಿತು ಅಂತ ಗೊತ್ತಾಗಿ ಅದನ್ನು ವಾಪಸ್ ಕರೆದುಕೊಂಡು ಬರುವುದೇ ಅಭ್ಯಾಸ. ಈ ಮಾತನ್ನು ಅವರಿಗೆ ದಿನಾ ಹೇಳು. ದಯವಿಟ್ಟು ಹಾಜರಿ ಪುಸ್ತಕ ಮಾತ್ರ ಇಡಬೇಡ.

ಸ್ವಭಾವಕ್ಕೆ ತಕ್ಕ ಧ್ಯಾನ ಅನ್ನುವುದು ಹೊಸ ಕಾಲದ ಯೋಚನೆ ಅಲ್ಲ. 5ನೇ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದಲ್ಲಿ ಬೌದ್ಧ ಭಿಕ್ಷು ಬುದ್ಧಘೋಷ ಬರೆದ ವಿಸುದ್ಧಿಮಗ್ಗ ಅನ್ನುವ ಪುಸ್ತಕದಲ್ಲಿ ಧ್ಯಾನಕ್ಕೆ 40 ವಿಷಯಗಳನ್ನು ಹೇಳಿದೆ. ಸ್ವಭಾವ ಆರು ಬಗೆ, ಯಾವ ಸ್ವಭಾವಕ್ಕೆ ಯಾವುದು ಹೊಂದುತ್ತದೆ ಅಂತಲೂ ಇದೆ. ಶಿಷ್ಯನ ಸ್ವಭಾವ ತಿಳಿಯಲು ಅವನು ನಡೆಯುವುದು, ಉಣ್ಣುವುದು, ಕಸ ಗುಡಿಸುವುದನ್ನೂ ನೋಡಬೇಕಂತೆ! ಸಿಟ್ಟಿನವನು ಪೊರಕೆಯನ್ನು ಬಿಗಿಯಾಗಿ ಹಿಡಿದು ಗಡಿಬಿಡಿಯಲ್ಲಿ ಬರಬರ ಗುಡಿಸುತ್ತಾನೆ. ಅವನಿಗೆ ಮೈತ್ರಿ, ಕರುಣೆಯ ಧ್ಯಾನ. ಯೋಚನೆ ಒಂದೆಡೆ ನಿಲ್ಲದವನಿಗೆ ಉಸಿರಿನ ಗಮನ. ಇದನ್ನು ಓದಿ ಆತಂಕದ ಮಕ್ಕಳಿಗೂ ಉಸಿರಿನಿಂದಲೇ ಶುರು ಮಾಡಿಸಬೇಡ. ಯೋಚನೆ ಹರಿದಾಡುವುದೇ ಬೇರೆ, ಭಯವೇ ಬೇರೆ. ಆ ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ್ದು ಗುರು ಮೊದಲು ಶಿಷ್ಯನನ್ನು ನೋಡಬೇಕು ಅನ್ನುವುದು.

ಇವತ್ತಿನ ಮನಶ್ಶಾಸ್ತ್ರದವರು ಸ್ವಭಾವವನ್ನು ಹೆಚ್ಚಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ. ಆತಂಕ, ಅಚ್ಚುಕಟ್ಟು, ಕುತೂಹಲ, ಜನರೊಡನೆ ಬೆರೆಯುವುದು, ಹೊಂದಿಕೊಳ್ಳುವುದು. ಎಲ್ಲರಲ್ಲೂ ಐದೂ ಇರುತ್ತವೆ, ಪ್ರಮಾಣ ಬೇರೆ ಅಷ್ಟೇ. ಅದಕ್ಕೇ ಯಾವ ಮಗುವಿಗೂ ಹಣೆಪಟ್ಟಿ ಹಚ್ಚಬೇಡ. ಮಾತುಗಾರರನ್ನು ಗುಂಪಿನಲ್ಲಿ ಕೂರಿಸು, ಮನೆಯಲ್ಲಿ ಒಬ್ಬರೇ ಮಾಡಿ ಅಂದರೆ ಅವರು ಮಾಡುವುದು ಕಷ್ಟ. ಕುತೂಹಲದವರು ವಾರಕ್ಕೊಂದು ಹೊಸ ಆ್ಯಪ್ ಹಾಕಿಕೊಳ್ಳುತ್ತಾರೆ. ಎರಡು ಮೂರು ವಿಧಾನ ತೋರಿಸಿ, ಒಂದನ್ನು ಅವರೇ ಆರಿಸಿಕೊಂಡು ಈ ವರ್ಷ ಪೂರ್ತಿ ಅದನ್ನೇ ಮಾಡಲಿ ಅನ್ನು.

ನಾಳೆ ಒಂದು ಕೆಲಸ ಮಾಡ್ತೀಯಾ? ಬಿಟ್ಟು ಹೋದವರನ್ನು ಒಬ್ಬೊಬ್ಬರಾಗಿ ಕರೆದು, ಕೂತಾಗ ಏನಾಗುತ್ತಿತ್ತು ಅಂತ ಕೇಳು. ಯಾಕೆ ಬಿಟ್ಟೆ ಅಂತ ಕೇಳಬೇಡ. ಆ ಹುಡುಗಿಗೆ ನಡೆಯುವಾಗಲೂ ಭಯ ಜಾಸ್ತಿಯಾದರೆ ಧ್ಯಾನ ನಿಲ್ಲಿಸಿಬಿಡು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಬಹುದು ಅಂತ ಅವಳಿಗೂ ಮನೆಯವರಿಗೂ ಹೇಳು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅವಳು ಹೇಗಿದ್ದಾಳೆ ಅಂತ ಬೇಗ ಬರೆ.

ನಿನ್ನ,
ಸತೀಶ